ಒಂಬತ್ತು ಸರದಿಯ ಕಣ

1971ರ ನವೆಂಬರ್ 6ರ ಬೆಳಿಗ್ಗೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಯಾರ್ಕ್ ಪಟ್ಟಣದಲ್ಲಿ ಪವರ್‌ಲಿಫ್ಟಿಂಗ್‌ನ ಮೊದಲ ವಿಶ್ವ ಪಂದ್ಯ ನಡೆಯಿತು. ಅದು ನಡೆದದ್ದು ಒಬ್ಬರ ಹುಟ್ಟುಹಬ್ಬದ ಅಂಗವಾಗಿ. ಯಾರ್ಕ್ ಬಾರ್‌ಬೆಲ್ ಕಂಪನಿಯ ಮಾಲೀಕ ಬಾಬ್ ಹಾಫ್‌ಮನ್ ಪ್ರತಿವರ್ಷ ನವೆಂಬರ್ ಮೊದಲ ಭಾಗದಲ್ಲಿ ತಮ್ಮ ಹುಟ್ಟುಹಬ್ಬದ ಹೆಸರಲ್ಲಿ ಭಾರ ಎತ್ತುವ ದೊಡ್ಡ ಪಂದ್ಯ ಏರ್ಪಡಿಸುತ್ತಿದ್ದರು. ಆ ವರ್ಷ ಅದಕ್ಕೆ ವಿಶ್ವ ಚಾಂಪಿಯನ್‌ಶಿಪ್ ಎಂಬ ಹೆಸರು ಬಂತು. ಬ್ರಿಟನ್ನಿನಿಂದ ನಾಲ್ವರು, ಜಮೈಕಾದಿಂದ ಒಬ್ಬರು ಬಂದಿದ್ದರು. ಉಳಿದವರೆಲ್ಲ ಅಮೆರಿಕನ್ನರು, ತೀರ್ಪುಗಾರರೂ ಅಮೆರಿಕನ್ನರೇ. ಮೊಣಕಾಲಿಗೆ ಎಷ್ಟುದ್ದದ ಪಟ್ಟಿ ಸುತ್ತಬಹುದು, ಸೊಂಟಕ್ಕೆ ಎಂಥ ಬೆಲ್ಟ್ ಕಟ್ಟಬಹುದು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ವ್ಯಾಖ್ಯಾನ. ಅತಿಭಾರದ ವಿಭಾಗದಲ್ಲಿ ಹ್ಯೂ ಕ್ಯಾಸಿಡಿ ಮತ್ತು ಜಿಮ್ ವಿಲಿಯಮ್ಸ್ ಇಬ್ಬರ ಒಟ್ಟು ಮೊತ್ತವೂ ಸರಿಸಮ 2,160 ಪೌಂಡ್, ಅಂದರೆ ಸುಮಾರು 980 ಕಿಲೋ. ಇಬ್ಬರಲ್ಲಿ ಮೈತೂಕ ಕಡಿಮೆ ಇದ್ದವರು ಕ್ಯಾಸಿಡಿ. ಕಿರೀಟ ಅವರಿಗೆ ಹೋಯಿತು.

ಇವತ್ತು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮೊದಲ ಸಲ ಪವರ್‌ಲಿಫ್ಟಿಂಗ್ ಕಣಕ್ಕಿಳಿಯುವ ಹುಡುಗ ಹುಡುಗಿಯರ ಕೈಗೆ ಸಿಗುವ ನಿಯಮಾವಳಿಯಲ್ಲೂ ಅದೇ ಮಾತಿದೆ: ಮೊತ್ತ ಸಮವಾದರೆ ಮೈತೂಕ ಕಡಿಮೆ ಇರುವವರು ಮುಂದೆ. ಅದರ ಜೊತೆಗೆ ಇನ್ನೂ ನೂರೆಂಟು ಕಟ್ಟಳೆ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಎಂಬ ಮೂರು ಬಗೆಯ ಎತ್ತುವಿಕೆ, ಒಂದೊಂದಕ್ಕೆ ಮೂರು ಸರದಿ, ಒಟ್ಟು ಒಂಬತ್ತು. ಪ್ರತಿ ಬಗೆಯಲ್ಲೂ ಎತ್ತಿದ್ದರಲ್ಲಿ ದೊಡ್ಡದನ್ನು ಆರಿಸಿ ಮೂರನ್ನೂ ಕೂಡಿಸಿದರೆ ಮೊತ್ತ. ಕಣ ಶುರುವಾಗುವ ಎರಡು ಗಂಟೆ ಮೊದಲು ಮೈತೂಕ ನೋಡುತ್ತಾರೆ. ಬೆಲ್ಟ್, ಮಣಿಕಟ್ಟಿನ ಪಟ್ಟಿ, ಮೈಗಂಟುವ ಸಿಂಗ್ಲೆಟ್, ಬೂಟು ಎಲ್ಲವನ್ನೂ ಮೇಜಿನ ಮೇಲೆ ಹರವಿ ತೋರಿಸಬೇಕು. ಡೆಡ್‌ಲಿಫ್ಟ್‌ಗೆ ಮೊಣಕಾಲಿನವರೆಗಿನ ಕಾಲುಚೀಲ ಕಡ್ಡಾಯ, ಏಕೆಂದರೆ ಬಾರ್ ಕಣಕಾಲಿಗೆ ಉಜ್ಜಿ ಚರ್ಮ ಕಿತ್ತುಬಂದರೆ ಆ ರಕ್ತ ಮುಂದಿನವರ ಕೈಗೆ ತಾಗಬಾರದು. ವ್ಯಾಯಾಮಶಾಲೆಯಲ್ಲಿ ವರ್ಷಗಟ್ಟಲೆ ತನ್ನ ಪಾಡಿಗೆ ತಾನು ಭಾರ ಎತ್ತಿಕೊಂಡು ಬಂದವರಿಗೆ ಇವೆಲ್ಲ ಮೊದಲ ದಿನ ವಿಪರೀತ ಅನ್ನಿಸುವುದುಂಟು. ಆದರೆ ಈ ಕಟ್ಟಳೆಗಳಲ್ಲಿ ಬಹುಪಾಲು ಯಾವುದೋ ಒಂದು ಕಣದಲ್ಲಿ ನಡೆದ ಜಗಳದಿಂದಲೋ ಗೊಂದಲದಿಂದಲೋ ಹುಟ್ಟಿದವು. ಆ ಕಣಗಳನ್ನು ಕಟ್ಟಿದವರಾದರೋ ಬೇರೆ ಕಡೆ ನಿಮಗೆ ಜಾಗ ಇಲ್ಲ ಎಂದು ಹೇಳಿಸಿಕೊಂಡವರು. ಪವರ್‌ಲಿಫ್ಟಿಂಗ್‌ನ ಇತಿಹಾಸವನ್ನು ದಾಖಲೆಗಳ ಪಟ್ಟಿಯಾಗಿ ಓದುವವರು ಈ ಸಂಗತಿಯನ್ನೇ ಬಿಟ್ಟುಬಿಡುತ್ತಾರೆ.

ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್ ಬೇರೆ, ಪವರ್‌ಲಿಫ್ಟಿಂಗ್ ಬೇರೆ. ಕುಂದಾಪುರ ಸೀಮೆಯ ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದದ್ದು ವೇಟ್‌ಲಿಫ್ಟಿಂಗ್‌ನಲ್ಲಿ. ಅದರಲ್ಲಿ ಬಾರ್ ನೆಲದಿಂದ ತಲೆಯ ಮೇಲಕ್ಕೆ ಹೋಗಬೇಕು. ಬಲದಷ್ಟೇ ಚುರುಕು, ಮೈಬಾಗು, ಸಮಯಪ್ರಜ್ಞೆ ಬೇಕು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಅಮೆರಿಕ, ಯುರೋಪಿನ ಸಂಘಗಳು ಕ್ರೀಡೆ ಎಂದು ಲೆಕ್ಕಕ್ಕೆ ತೆಗೆದುಕೊಂಡದ್ದು ಮುಖ್ಯವಾಗಿ ಅದನ್ನು. ಪವರ್‌ಲಿಫ್ಟಿಂಗ್‌ನ ಆ ಮೂರು, ಅಂದರೆ ಬಾರ್ ಹೆಗಲ ಮೇಲಿಟ್ಟು ಬಸ್ಕಿ ಹೊಡೆಯುವುದು, ಮಲಗಿ ಎದೆಯಿಂದ ಮೇಲಕ್ಕೆ ಒತ್ತುವುದು, ನೆಲದಿಂದ ಸೊಂಟದ ಮಟ್ಟಕ್ಕೆ ಎತ್ತಿ ನೆಟ್ಟಗೆ ನಿಲ್ಲುವುದು ಇವೆಲ್ಲ ಅವರ ಲೆಕ್ಕದಲ್ಲಿ ಕಸರತ್ತು ಮಾತ್ರ. ಅಮೆರಿಕದಲ್ಲಿ ಇವನ್ನೆಲ್ಲ ಒಟ್ಟು ಸೇರಿಸಿ 'ಆಡ್ ಲಿಫ್ಟ್ಸ್' ಎನ್ನುತ್ತಿದ್ದರು. ದೊಡ್ಡ ಪಂದ್ಯ ಮುಗಿದ ಮೇಲೆ ಜನ ಉಳಿದಿದ್ದರೆ, ಹೊತ್ತು ಉಳಿದಿದ್ದರೆ ಇವುಗಳ ಸರದಿ.

ಆದರೆ ಕಸರತ್ತು ಮಾಡುತ್ತಿದ್ದವರು ಸಾಮಾನ್ಯರಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದ ಸೆರೆಶಿಬಿರದಲ್ಲಿದ್ದ ಜರ್ಮನಿಯ ಹೆನ್ರಿ ಸ್ಟೈನ್‌ಬಾರ್ನ್ 1921ರಲ್ಲಿ ಅಮೆರಿಕಕ್ಕೆ ಬಂದರು. ಸ್ಕ್ವಾಟ್‌ಗೆ ಈಗಿನಂತೆ ಬಾರ್ ಹೆಗಲೆತ್ತರಕ್ಕೆ ಇಡುವ ಸ್ಟ್ಯಾಂಡ್ ಆಗ ಬಳಕೆಗೆ ಬಂದಿರಲಿಲ್ಲ. ಸ್ಟೈನ್‌ಬಾರ್ನ್ ಏನು ಮಾಡುತ್ತಿದ್ದರೆಂದರೆ, ನೆಲದ ಮೇಲಿನ ಬಾರ್ ಅನ್ನು ಒಂದು ತುದಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಬೀಳುವ ಬಾರ್ ಅನ್ನು ಬೆನ್ನ ಮೇಲೆ ತೆಗೆದುಕೊಂಡು ಎದ್ದು ನಿಲ್ಲುತ್ತಿದ್ದರು. ಹಾಗೆ ಅವರು ಎದ್ದು ನಿಂತ ಭಾರ 250 ಕಿಲೋ ಆಸುಪಾಸಿನದು. ಟೆನೆಸಿ ರಾಜ್ಯದ ಜಾನ್ಸನ್ ಸಿಟಿಯ ರೈತ ಬಾಬ್ ಪೀಪಲ್ಸ್ ಮನೆಯಲ್ಲೇ ಸಲಕರಣೆ ಮಾಡಿಕೊಂಡು ಅಭ್ಯಾಸ ಮಾಡಿ, 1949ರಲ್ಲಿ ಸುಮಾರು 82 ಕಿಲೋ ಮೈತೂಕದಲ್ಲಿ 329 ಕಿಲೋ ಡೆಡ್‌ಲಿಫ್ಟ್ ಮಾಡಿದರು. ಕೆನಡಾದ ಡಗ್ ಹೆಪ್‌ಬರ್ನ್ ಹುಟ್ಟುತ್ತಲೇ ಪಾದ ತಿರುಚಿದ್ದವರು. 1953ರಲ್ಲಿ ವೇಟ್‌ಲಿಫ್ಟಿಂಗ್ ವಿಶ್ವ ಚಾಂಪಿಯನ್ ಆದರು, ಬೆಂಚ್ ಪ್ರೆಸ್‌ನಲ್ಲಿ 500 ಪೌಂಡ್ ಒತ್ತಿದ ಮೊದಲಿಗರೂ ಅವರೇ. ಪೀಪಲ್ಸ್ ಅವರ ಡೆಡ್‌ಲಿಫ್ಟ್‌ಗಾಗಲಿ ಹೆಪ್‌ಬರ್ನ್ ಅವರ ಬೆಂಚ್‌ಗಾಗಲಿ ಆಗ ರಾಷ್ಟ್ರೀಯ ಪ್ರಶಸ್ತಿಯೂ ಇರಲಿಲ್ಲ, ವಿಶ್ವ ಪದಕವೂ ಇರಲಿಲ್ಲ.

ಭಾರ ಎತ್ತುವ ಹಟ ನಮ್ಮವರಿಗೂ ಹೊಸದಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಸ್ಪರ್ಧೆ ಈಗಲೂ ಜನ ಸೇರಿಸುತ್ತವೆ. ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನರು ಕಲ್ಲಿನ ಮುಂದೆ ನಿಂತು ತೊಡೆ ತಟ್ಟುತ್ತಾರೆ, ಹಲಗೆಯವರು ಹುರುಪು ತುಂಬುತ್ತಾರೆ. ಆದರೆ ಕಲ್ಲಿನ ಸ್ವಭಾವವೇ ಬೇರೆ. ಅದರ ತೂಕ ಒಂದೇ. ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಅದರ ಮುಂದೆ ಹೊಸಬನಿಗೂ ಹಳಬನಿಗೂ ಒಂದೇ ಪ್ರಶ್ನೆ. ಹೊಸಬ ಹೊಸಬನಾಗಿಯೇ ಸ್ಪರ್ಧಿಸಬೇಕಾದರೆ ತೂಕ ಸ್ವಲ್ಪ ಸ್ವಲ್ಪವಾಗಿ ಏರುವಂತಿರಬೇಕು. ಅದನ್ನು ಸಾಧ್ಯ ಮಾಡಿದ್ದು ತೂಕ ಬದಲಿಸಬಹುದಾದ ಬಾರ್‌ಬೆಲ್. 1902ರಲ್ಲಿ ಫಿಲಡೆಲ್ಫಿಯಾದಲ್ಲಿ ಅಲನ್ ಕ್ಯಾಲ್ವರ್ಟ್ ಶುರುಮಾಡಿದ ಮೈಲೊ ಬಾರ್‌ಬೆಲ್ ಕಂಪನಿ ಅಂಥ ಬಾರ್‌ಗಳನ್ನು ಅಂಚೆಯ ಮೂಲಕ ಮನೆಮನೆಗೆ ಮಾರಿತು. ಮುಂದೆ ಜರ್ಮನಿಯ ಬರ್ಗ್ ಬಾರ್ ಬಂತು: ತಟ್ಟೆ ಹಾಕಿ ತೆಗೆಯಬಹುದಾದದ್ದು, ತುದಿಯ ತೋಳು ತಿರುಗುವಂಥದ್ದು. 1928ರ ಒಲಿಂಪಿಕ್ಸ್‌ನಲ್ಲಿ ಅದನ್ನು ಬಳಸಿದರು. ಬೆಂಗಳೂರಿನಲ್ಲಿ ಪ್ರೊ. ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರದ ಜೊತೆಗೇ ಬಾರ್‌ಬೆಲ್ ಕಲಿಸುತ್ತಿದ್ದದ್ದು, ಅಂಚೆಯ ಮೂಲಕ ದೂರದೂರದ ಶಿಷ್ಯರಿಗೆ ಪಾಠ ಕಳಿಸುತ್ತಿದ್ದದ್ದು ಇದೇ ಅಲೆಯ ಕಾಲದಲ್ಲಿ. 'ಶಾಂತಲಾ' ಕಾದಂಬರಿಯಿಂದ ಅವರನ್ನು ಬಲ್ಲವರಿಗೆ ಅವರ ಮೈಕಟ್ಟಿನ ಚಿತ್ರಗಳು ವಿದೇಶಿ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಬಾರ್ ಬಂತು, ಎತ್ತುವವರೂ ಬಂದರು, ಪಂದ್ಯ ಮಾತ್ರ ಬರಲಿಲ್ಲ.

ಅದಕ್ಕೆ ಅಡ್ಡಲಾಗಿದ್ದವರಲ್ಲಿ ಮೊದಲಿಗರು ಹಾಫ್‌ಮನ್. ಅಮೆರಿಕದ ವೇಟ್‌ಲಿಫ್ಟಿಂಗ್ ತಂಡವನ್ನು ಸಾಕಿ ಬೆಳೆಸಿದವರು ಅವರು. 1932ರಿಂದ ಅವರ ಪತ್ರಿಕೆ 'ಸ್ಟ್ರೆಂತ್ ಅಂಡ್ ಹೆಲ್ತ್' ನಡೆಯುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದವರು ವೇಟ್‌ಲಿಫ್ಟಿಂಗ್‌ನಲ್ಲಿ ಅಮೆರಿಕವನ್ನು ಹಿಂದಿಕ್ಕತೊಡಗಿದರು. ಹುಡುಗರು ಸ್ನ್ಯಾಚ್ ಕಲಿಯುವುದು ಬಿಟ್ಟು ಬೆಂಚ್ ಮೇಲೆ ಮಲಗಿದರೆ ಒಲಿಂಪಿಕ್ ತಂಡಕ್ಕೆ ಆಳು ಸಿಗುವುದಿಲ್ಲ ಎಂಬುದು ಹಾಫ್‌ಮನ್ ಚಿಂತೆ. ಇತ್ತ ನೆಬ್ರಾಸ್ಕಾದ ಅಲೈಯನ್ಸ್ ಎಂಬ ಸಣ್ಣ ಊರಿನಿಂದ ಪಿಯರಿ ರೇಡರ್ ಎಂಬವರು 1936ರಿಂದ 'ಐರನ್ ಮ್ಯಾನ್' ಪತ್ರಿಕೆ ತರುತ್ತಿದ್ದರು. ಊರೂರಿನ 'ಆಡ್ ಲಿಫ್ಟ್' ಪಂದ್ಯಗಳ ಬೆನ್ನಿಗೆ ನಿಂತವರಲ್ಲಿ ಅವರು ಮುಖ್ಯರು. ಬ್ರಿಟನ್ನಿನಲ್ಲಿ ಇನ್ನೊಂದು ಬಗೆಯ ಜಗಳ. ಅಲ್ಲಿನ ಸಂಘ 42 ಬಗೆಯ ಎತ್ತುವಿಕೆಗಳಿಗೆ ಮಾನ್ಯತೆ ಕೊಟ್ಟಿತ್ತು; ಆದರೆ ಅದರ ಒಲವೆಲ್ಲ ಒಲಿಂಪಿಕ್ ಬಗೆಯ ಕಡೆಗೆ. 1950ರ ದಶಕದ ಕೊನೆಗೆ ಅತೃಪ್ತರು ಹೊರಬಂದು ಬೇರೆ ಸಂಘ ಕಟ್ಟಿದರು. ಬಾಹುಬಲದ ಕರ್ಲ್, ಬೆಂಚ್, ಸ್ಕ್ವಾಟ್ ಈ ಮೂರು ಸೇರಿ 'ಸ್ಟ್ರೆಂತ್ ಸೆಟ್' ಎಂದು ಅಲ್ಲಿ ಪಂದ್ಯ ನಡೆಯತೊಡಗಿತು.

ಕೊನೆಗೆ ಹಾಫ್‌ಮನ್ ಮನಸ್ಸು ತಿರುಗಿಸಿದ್ದರಲ್ಲಿ ವ್ಯಾಪಾರದ ಪಾಲೂ ಇತ್ತು. ಒಲಿಂಪಿಕ್ ಬಗೆಯ ಬಾರ್‌ಗೆ ಗಿರಾಕಿ ಕಡಿಮೆಯಾಗುತ್ತ ಬಂದಂತೆ ಸ್ಕ್ವಾಟ್ ಸ್ಟ್ಯಾಂಡಿಗೂ ಬೆಂಚಿಗೂ ಬೇಡಿಕೆ ಏರುತ್ತಿತ್ತು. 1964ರ ಸೆಪ್ಟೆಂಬರಿನಲ್ಲಿ ಅವರ ಕಂಪನಿಯ ಆಶ್ರಯದಲ್ಲೇ ಯಾರ್ಕ್‌ನಲ್ಲಿ ಮೊದಲ ರಾಷ್ಟ್ರಮಟ್ಟದ ಪವರ್‌ಲಿಫ್ಟಿಂಗ್ ಪಂದ್ಯ ನಡೆಯಿತು. 1965ರಲ್ಲಿ ಅಧಿಕೃತ ಅಮೆರಿಕನ್ ರಾಷ್ಟ್ರೀಯ ಚಾಂಪಿಯನ್‌ಶಿಪ್. ಎರಡರಲ್ಲೂ ಅತಿಭಾರದ ವಿಭಾಗ ಗೆದ್ದವರು ಟೆಕ್ಸಸ್‌ನ ಟೆರಿ ಟಾಡ್. ವಿಶ್ವವಿದ್ಯಾಲಯದಲ್ಲಿ ಟೆನಿಸ್ ಆಡುತ್ತಿದ್ದ ಟಾಡ್ ಮುಂದೆ ಈ ಕ್ರೀಡೆಯ ಇತಿಹಾಸಕಾರರೂ ಆದರು. ಬ್ರಿಟಿಷರು ಕರ್ಲ್ ಕೈಬಿಟ್ಟು ಡೆಡ್‌ಲಿಫ್ಟ್ ಸೇರಿಸಿಕೊಂಡರು. ಹೀಗೆ 1966ರ ಹೊತ್ತಿಗೆ ಅಟ್ಲಾಂಟಿಕ್‌ನ ಎರಡೂ ದಡದಲ್ಲಿ ಮೂರು ಲಿಫ್ಟ್‌ಗಳ ಹೆಸರು ಒಂದೇ ಆಯಿತು.

ಹೆಸರು ಒಂದಾದರೂ ಅಳತೆ ಒಂದಾಗಿರಲಿಲ್ಲ. 1971ರ ಯಾರ್ಕ್ ಪಂದ್ಯದಲ್ಲಿ ಬೆಂಚ್ ಮೊದಲು, ಸ್ಕ್ವಾಟ್ ಆಮೇಲೆ. 1972ರಲ್ಲಿ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ, ಅಂದರೆ ಐಪಿಎಫ್, ಹುಟ್ಟಿತು. 1973ರಲ್ಲಿ ಹ್ಯಾರಿಸ್‌ಬರ್ಗ್‌ನಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಶಿಪ್. ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್ ಎಂಬ ಈಗಿನ ಸರದಿ ನೆಲೆಯಾದದ್ದು ಐಪಿಎಫ್ ಬಂದ ಮೇಲೆ. ಡೆಡ್‌ಲಿಫ್ಟ್ ಕೊನೆಗೆ ಉಳಿದದ್ದರಿಂದ ಪಂದ್ಯಕ್ಕೆ ಒಂದು ವಿಚಿತ್ರ ಬಿಗಿ ಬಂತು: ಹಿಂದುಳಿದವರು ಕೊನೆಯ ಸರದಿಯಲ್ಲಿ ಎಷ್ಟು ಎತ್ತಿದರೆ ಗೆಲ್ಲುತ್ತೇವೆ ಎಂದು ಲೆಕ್ಕ ಹಾಕಿ ಅಷ್ಟನ್ನೇ ಬರೆಸಬಹುದು. ಈಗಿನ ನಿಯಮದಲ್ಲಿ ಮೂರನೆಯ ಡೆಡ್‌ಲಿಫ್ಟ್‌ನ ತೂಕವನ್ನು ಎರಡು ಸಲ ಬದಲಿಸಲು ಬಿಡುತ್ತಾರೆ. ಆ ಹತ್ತು ನಿಮಿಷ ಪರದೆಯ ಹಿಂದೆ ತರಬೇತುದಾರರು ಚೀಟಿ ಹಿಡಿದು ಮೇಜಿನತ್ತ ಓಡಾಡುವುದನ್ನು ನೋಡಬೇಕು. ಎದುರಾಳಿಯ ಚೀಟಿ ಮೊದಲು ಹೋಗಲಿ ಎಂದು ಕಾಯುವವರು, ಅರ್ಧ ದಾರಿಯಿಂದ ತಿರುಗಿ ಬಂದು ಸಂಖ್ಯೆ ತಿದ್ದುವವರು.

ಎಲ್ಲಕ್ಕಿಂತ ಹೆಚ್ಚು ಜಗಳ ನಡೆದದ್ದು ಸ್ಕ್ವಾಟ್‌ನ ಆಳದ ಬಗ್ಗೆ. ಎಷ್ಟು ಕೆಳಗೆ ಕೂತರೆ ಕೂತಂತೆ? ನಿಯಮ ಹೇಳುವುದಿಷ್ಟು: ಸೊಂಟದ ಸಂದಿನ ಹತ್ತಿರ ತೊಡೆಯ ಮೇಲ್ಭಾಗವು ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗೆ ಹೋಗಬೇಕು. ಅದನ್ನು ಕಾಣಬೇಕಾದವರು ಇಬ್ಬದಿಯಲ್ಲಿ ಕೂತ ರೆಫರಿಗಳು. ಬಾರ್ ಬಾಗಿದೆ, ಸುತ್ತ ಸಹಾಯಕರು ಕೈಚಾಚಿ ನಿಂತಿದ್ದಾರೆ, ಸಿಂಗ್ಲೆಟ್ ಬಟ್ಟೆ ತೊಡೆಯ ಮೇಲೆ ಮಡಚಿಕೊಂಡಿದೆ. ಇಷ್ಟರ ನಡುವೆ ಅರ್ಧ ಸೆಕೆಂಡಿನಲ್ಲಿ ಒಂದು ಬೆರಳಗಲದ ವ್ಯತ್ಯಾಸ ಕಾಣಬೇಕು. ಮೂವರು ರೆಫರಿಗಳಲ್ಲಿ ಇಬ್ಬರು ಬಿಳಿ ದೀಪ ಒತ್ತಿದರೆ ಸರದಿ ಸಿಂಧು. ಮೊದಲ ಪಂದ್ಯಕ್ಕೆ ಬಂದವರು ಕಳೆದುಕೊಳ್ಳುವ ಸರದಿಗಳಲ್ಲಿ ಎಷ್ಟೋ ಬಲ ಸಾಲದೆ ಹೋದವಲ್ಲ. ಕೂತದ್ದು ಸಾಲದು, ಅಥವಾ ಅಪ್ಪಣೆ ಬರುವ ಮೊದಲೇ ಬಾರ್ ಅನ್ನು ಸ್ಟ್ಯಾಂಡಿಗೆ ಇಟ್ಟುಬಿಟ್ಟರು. ಸ್ಕ್ವಾಟ್‌ಗೆ ಇಳಿಯುವ ಮೊದಲು 'ಸ್ಕ್ವಾಟ್', ಎದ್ದ ಮೇಲೆ 'ರ್‍ಯಾಕ್', ಬೆಂಚ್‌ನಲ್ಲಿ 'ಸ್ಟಾರ್ಟ್', 'ಪ್ರೆಸ್', 'ರ್‍ಯಾಕ್', ಡೆಡ್‌ಲಿಫ್ಟ್‌ನಲ್ಲಿ 'ಡೌನ್'. ತಿಳಿದ ತರಬೇತುದಾರರು ಕೊನೆಯ ಕೆಲವು ವಾರ ಜಿಮ್‌ನಲ್ಲೇ ರೆಫರಿಯಂತೆ ಎದುರು ನಿಂತು ಈ ಅಪ್ಪಣೆ ಕೂಗಿ, ಕಾಯಿಸಿ, ಅಭ್ಯಾಸ ಮಾಡಿಸುತ್ತಾರೆ. ಬೆಂಚ್‌ನಲ್ಲಿ ಎದೆಯ ಮೇಲೆ ಬಾರ್ ಅಲುಗದೆ ನಿಂತಿರುವ ಆ ಕ್ಷಣ, 'ಪ್ರೆಸ್' ಎಂಬ ಶಬ್ದ ಕಿವಿಗೆ ಬೀಳುವವರೆಗೆ, ಅಭ್ಯಾಸವಿಲ್ಲದವರಿಗೆ ಬಹಳ ಉದ್ದ.

ಇಂಥ ನಿಯಮಗಳು ಈಗಲೂ ಹುಟ್ಟುತ್ತಿವೆ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಕೈಗಳನ್ನು ಅಗಲಕ್ಕೆ ಹಿಡಿದು, ಬಾರ್ ಕೆಲವೇ ಅಂಗುಲ ಚಲಿಸುವಂತೆ ಬೆಂಚ್ ಮಾಡುವವರ ವಿಡಿಯೊಗಳು ಹರಿದಾಡಿ ವಾದ ಬೆಳೆದ ಮೇಲೆ, 2023ರಿಂದ ಐಪಿಎಫ್ ಮೊಣಕೈ ಆಳದ ನಿಯಮ ತಂದಿತು: ಮೊಣಕೈಯ ಕೆಳಭಾಗ ಭುಜದ ಮೇಲ್ಮಟ್ಟಕ್ಕಾದರೂ ಇಳಿಯಬೇಕು.

ಯಾವುದೇ ಒಂದು ಬಗೆಯ ಮೂರು ಸರದಿಯಲ್ಲಿ ಒಂದನ್ನೂ ಎತ್ತಲಾಗದಿದ್ದರೆ ಮೊತ್ತವೇ ಇಲ್ಲ. ಇದಕ್ಕೆ ಕಣದವರು 'ಬಾಂಬ್ ಔಟ್' ಎನ್ನುತ್ತಾರೆ. ಈ ಭಯ ಮೊದಲ ಸರದಿಯ ತೂಕ ಆರಿಸುವುದನ್ನೇ ಒಂದು ವಿದ್ಯೆ ಮಾಡಿದೆ. ಅನುಭವಿಗಳ ಮಾತು ಸರಳ: ಮೊದಲ ಸರದಿಗೆ ಬರೆಸುವುದು ಕೆಟ್ಟ ದಿನದಲ್ಲೂ ಮೂರು ಸಲ ಎತ್ತಬಲ್ಲ ತೂಕ. ಜಿಮ್‌ನಲ್ಲಿ 140 ಕಿಲೋ ಸ್ಕ್ವಾಟ್ ಮಾಡಿದವರು 125ರಿಂದ ಶುರು ಮಾಡಿ, ಎರಡನೆಯದು 135, ಮೂರನೆಯದಕ್ಕೆ 142.5 ಎಂದು ಯೋಚಿಸುವುದು ವಾಡಿಕೆ. ಒಂದು ಸರದಿ ಮುಗಿದ ಒಂದು ನಿಮಿಷದೊಳಗೆ ಮುಂದಿನ ತೂಕ ಹೇಳಬೇಕು. ಹೇಳದಿದ್ದರೆ ಗೆದ್ದ ತೂಕಕ್ಕೆ ಎರಡೂವರೆ ಕಿಲೋ ತಾನಾಗಿ ಸೇರುತ್ತದೆ. ಮೈತೂಕ ಇಳಿಸುವ ಹುಚ್ಚು ಮೊದಲ ಪಂದ್ಯಕ್ಕೆ ಬೇಡ ಎಂದೂ ಬಲ್ಲವರು ಹೇಳುತ್ತಾರೆ. ಎರಡು ಕಿಲೋ ಇಳಿಸಲು ನೀರು ಬಿಟ್ಟು, ಎರಡು ಗಂಟೆಯಲ್ಲಿ ಮತ್ತೆ ಚೇತರಿಸಿಕೊಂಡು ಒಂಬತ್ತು ಸಲ ಎತ್ತುವುದು ಪಳಗಿದ ಮೈಗೇ ಕಷ್ಟ.

ಈ ಕಣಕ್ಕೆ ಬಂದವರಲ್ಲಿ ಪ್ರೆಷಸ್ ಮೆಕೆಂಜಿ ಅವರ ಕಥೆ ಎಲ್ಲ ಕಾಲಕ್ಕೂ ಹೇಳಬೇಕಾದದ್ದು. ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಎತ್ತರ ಐದಡಿಯೂ ಇಲ್ಲ. ತಮ್ಮ ತೂಕದ ವಿಭಾಗದಲ್ಲಿ ದೇಶಕ್ಕೇ ಉತ್ತಮರಾಗಿದ್ದರೂ ಚರ್ಮದ ಬಣ್ಣದ ಕಾರಣಕ್ಕೆ ವರ್ಣಭೇದ ಸರ್ಕಾರದ ದಕ್ಷಿಣ ಆಫ್ರಿಕಾ ಅವರನ್ನು 1958ರ ತಂಡಕ್ಕೆ ಸೇರಿಸಲಿಲ್ಲ. 1964ರಲ್ಲಿ ಸಂಸಾರ ಸಮೇತ ಇಂಗ್ಲೆಂಡಿಗೆ ವಲಸೆ ಹೋದರು, ಚಪ್ಪಲಿ ಕಾರ್ಖಾನೆಯಲ್ಲಿ ದುಡಿದರು. 1966, 1970, 1974ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಇಂಗ್ಲೆಂಡಿಗೆ, ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ಮೇಲೆ 1978ರಲ್ಲಿ ಆ ದೇಶಕ್ಕೆ, ವೇಟ್‌ಲಿಫ್ಟಿಂಗ್‌ನಲ್ಲಿ ಚಿನ್ನ ತಂದರು. ಅದರ ಜೊತೆಗೇ ಪವರ್‌ಲಿಫ್ಟಿಂಗ್‌ನ ಹಲವು ವಿಶ್ವ ಪ್ರಶಸ್ತಿಗಳೂ ಅವರವೇ. ನಿಯಮಾವಳಿಯೇ ಇನ್ನೂ ಗಟ್ಟಿಯಾಗದಿದ್ದ ಆ ಮೊದಲ ವರ್ಷಗಳಲ್ಲಿ ಪವರ್‌ಲಿಫ್ಟಿಂಗ್‌ಗೆ ಘನತೆ ತಂದುಕೊಟ್ಟವರು ಇಂಥವರು.

ಹೆಂಗಸರಿಗೆ ಬಾಗಿಲು ತೆರೆದದ್ದು ಇನ್ನೂ ತಡವಾಗಿ. ಟೆರಿ ಟಾಡ್ ಅವರನ್ನು ಮದುವೆಯಾದ ಜಾನ್ ಟಾಡ್ 1973ರಲ್ಲಿ ಟೆಕ್ಸಸ್‌ನ ಜಿಮ್ ಒಂದರಲ್ಲಿ ಹೆಂಗಸೊಬ್ಬರು ಡೆಡ್‌ಲಿಫ್ಟ್ ಮಾಡುವುದನ್ನು ಕಂಡರು. ತಾವೂ ಅಲ್ಲೇ ಎತ್ತಿ ನೋಡಿದರು, 225 ಪೌಂಡ್ ಎದ್ದಿತು. ಆಮೇಲೆ ಗಿನ್ನೆಸ್ ಪುಸ್ತಕ ತೆಗೆದು ನೋಡಿದರೆ ಮಹಿಳೆಯರ ಡೆಡ್‌ಲಿಫ್ಟ್ ದಾಖಲೆ 392 ಪೌಂಡ್. ಪ್ಯಾರಿಸ್‌ನಲ್ಲಿ 1926ರಲ್ಲಿ ಜೇನ್ ದ ವೆಸ್ಲಿ ಎಂಬವರು ಮಾಡಿದ್ದು. ಅರ್ಧ ಶತಮಾನ ಅದನ್ನು ಯಾರೂ ಮುರಿದಿರಲಿಲ್ಲ. ಹೆಂಗಸರಿಗೆ ಪಂದ್ಯವೇ ಇಲ್ಲದಾಗ ಮುರಿಯುವುದು ಎಲ್ಲಿ? ಜಾನ್ ಒಂದೂವರೆ ವರ್ಷದಷ್ಟು ಕಾಲ ಆ ಒಂದೇ ಸಂಖ್ಯೆಯನ್ನು ಕಣ್ಣಮುಂದೆ ಇಟ್ಟುಕೊಂಡು ಅಭ್ಯಾಸ ಮಾಡಿ, 1975ರಲ್ಲಿ ಟೆನೆಸಿಯ ಚಟನೂಗಾದಲ್ಲಿ 394.5 ಪೌಂಡ್ ಎತ್ತಿದರು. 1977ರಲ್ಲಿ ಮೂರೂ ಲಿಫ್ಟ್ ಸೇರಿ 1,000 ಪೌಂಡ್ ದಾಟಿದ ಮೊದಲ ಮಹಿಳೆಯಾದರು. ಅದೇ ವರ್ಷದ ಏಪ್ರಿಲ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾದಲ್ಲಿ ಮಹಿಳೆಯರಿಗೆಂದೇ ಮೊದಲ ರಾಷ್ಟ್ರಮಟ್ಟದ ಪಂದ್ಯ ನಡೆಯಿತು. ಬಂದವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಅಲ್ಲಿಂದ ಮೂರೇ ವರ್ಷ; 1980ರಲ್ಲಿ ಮ್ಯಾಸಚೂಸೆಟ್ಸ್‌ನ ಲೊವೆಲ್‌ನಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಶಿಪ್. ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ನಲ್ಲಿ ಹೆಂಗಸರಿಗೆ ಜಾಗ ಸಿಕ್ಕಿದ್ದು 2000ದ ಸಿಡ್ನಿಯಲ್ಲಿ, ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದ ಆ ಕೂಟದಲ್ಲಿ. ಪವರ್‌ಲಿಫ್ಟಿಂಗ್ ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಅವರಿಗೆ ವಿಶ್ವ ಪಂದ್ಯ ಕೊಟ್ಟಿತ್ತು.

ಉಡುಪಿನ ಕಥೆ ಬೇರೆಯೇ ದಾರಿ ಹಿಡಿಯಿತು. ಆರಂಭದ ವರ್ಷಗಳಲ್ಲಿ ಹಾಸಿಗೆಯ ಚಾದರ ಹರಿದು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡವರಿದ್ದರು. ಸೀಳಿದ ಟೆನಿಸ್ ಚೆಂಡನ್ನು ಮೊಣಕಾಲಿನ ಹಿಂದಿಟ್ಟು ಪಟ್ಟಿ ಸುತ್ತಿಕೊಂಡವರಿದ್ದರು, ಕೂತಾಗ ಅದು ಸ್ಪ್ರಿಂಗಿನಂತೆ ಒತ್ತಲಿ ಎಂದು. ಮುಂದೆ ಬಿಗಿ ಸ್ಕ್ವಾಟ್ ಸೂಟ್ ಬಂತು. 1983ರಲ್ಲಿ ಜಾನ್ ಇನ್ಜರ್ ಬೆಂಚ್ ಶರ್ಟ್ ತಂದರು. ತೊಡಿಸಲು ಇಬ್ಬರು ಬೇಕಾಗುವಷ್ಟು ಬಿಗಿ. ಬಾರ್ ಎದೆಗೆ ಇಳಿಯುವಾಗ ಬಟ್ಟೆ ಹಿಗ್ಗಿ, ಮೇಲೇರುವಾಗ ತಾನೂ ಒತ್ತುತ್ತದೆ. 1972ರಲ್ಲಿ ಜಿಮ್ ವಿಲಿಯಮ್ಸ್ ಅಂಥ ಶರ್ಟ್ ಇಲ್ಲದೆ ಬೆಂಚ್ ಮಾಡಿದ್ದು 675 ಪೌಂಡ್. ಶರ್ಟ್ ತೊಟ್ಟ ಜೀನ್ ರಿಕ್ಲಾಕ್ 2004ರಲ್ಲಿ 1,000 ಪೌಂಡ್ ದಾಟಿದರು. ಎರಡೂ ದೊಡ್ಡ ಸಾಧನೆಗಳೇ, ಆದರೆ ಒಂದೇ ಕೋಲಿನಿಂದ ಅಳೆಯಲು ಬರುವುದಿಲ್ಲ. ಜೊತೆಗೆ ಮದ್ದಿನ ಪ್ರಶ್ನೆ. ಸ್ಟಿರಾಯ್ಡ್ ಪರೀಕ್ಷೆ ಬೇಕೋ ಬೇಡವೋ ಎಂಬ ಜಗಳದಲ್ಲಿ ಅಮೆರಿಕದ ಸಂಘಟನೆ 1980ರ ದಶಕದಲ್ಲಿ ಒಡೆಯಿತು: ಪರೀಕ್ಷೆ ಬೇಕೇ ಬೇಕು ಎಂದವರು 1981ರಲ್ಲಿ ಒಂದು ಸಂಘ ಕಟ್ಟಿದರೆ, ಹಾಗೆನ್ನದವರು ಮರುವರ್ಷ ಇನ್ನೊಂದು. ಐಪಿಎಫ್ ತನ್ನ ವಿಶ್ವ ಪಂದ್ಯಗಳಲ್ಲಿ ಪರೀಕ್ಷೆ ತಂದದ್ದೂ ಆ ದಶಕದಲ್ಲೇ. ಒಡಕು ಇನ್ನೂ ಮುಗಿದಿಲ್ಲ. ಭಾರತದಲ್ಲೂ ಒಂದಕ್ಕಿಂತ ಹೆಚ್ಚು ಸಂಘಗಳು ಪಂದ್ಯ ನಡೆಸುತ್ತವೆ. ಹೆಸರು ಕೊಡುವ ಮೊದಲು ಯಾವ ಸಂಘ, ಅದರಲ್ಲಿ ಮದ್ದಿನ ಪರೀಕ್ಷೆ ಉಂಟೇ, ಎಂಥ ಬೆಲ್ಟಿಗೆ ಮಾನ್ಯತೆ ಎಂದು ಕೇಳಿಕೊಳ್ಳದೆ ಹಣ ಕಳೆದುಕೊಂಡ ಹೊಸಬರು ಇದ್ದಾರೆ.

ಬಿಗಿ ಉಡುಪು ದುಬಾರಿಯಾಗಿ, ತೊಡುವುದೇ ಒಂದು ವಿದ್ಯೆಯಾದಾಗ ಹೊಸಬರು ಹಿಂಜರಿಯುವುದು ಸಹಜ. ಬೆಲ್ಟ್, ಮೊಣಕಾಲಿಗೆ ತೊಡುವ ಸ್ಲೀವ್, ಮಣಿಕಟ್ಟಿನ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲದ 'ಕ್ಲಾಸಿಕ್' ಬಗೆಗೆ ಐಪಿಎಫ್ 2012ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಕಪ್ ನಡೆಸಿತು; 2013ರಲ್ಲಿ ರಷ್ಯಾದ ಸುಜ್ದಾಲ್‌ನಲ್ಲಿ ಪೂರ್ಣ ಪ್ರಮಾಣದ ವಿಶ್ವ ಚಾಂಪಿಯನ್‌ಶಿಪ್. ಕಳೆದ ದಶಕದಲ್ಲಿ ಕಾಲೇಜು ಹುಡುಗಿಯರು, ಕಚೇರಿ ಕೆಲಸದವರು, ಐವತ್ತು ದಾಟಿದವರು ಈ ಕಣದತ್ತ ಬಂದದ್ದಕ್ಕೆ ಈ ಒಂದು ತೀರ್ಮಾನ ದೊಡ್ಡ ಕಾರಣ. ಐಪಿಎಫ್ ತೆಗೆದುಕೊಂಡ ತೀರ್ಮಾನಗಳಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿಲ್ಲ.

ಭಾರತಕ್ಕೆ ವಿಶ್ವ ಕಣ ಬಂದದ್ದು 1981ರಲ್ಲಿ, ಕಲ್ಕತ್ತಕ್ಕೆ. ಅದಕ್ಕೆ ಮೊದಲಿನ ವಿಶ್ವ ಪಂದ್ಯಗಳೆಲ್ಲ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಫಿನ್ಲೆಂಡ್‌ಗಳಲ್ಲಿ ನಡೆದಿದ್ದವು. ಏಷ್ಯಾದ ನೆಲದಲ್ಲಿ ಅದೇ ಮೊದಲು. ಕರ್ನಾಟಕದ ಹೆಸರು ಹೆಚ್ಚು ಕೇಳಿದ್ದು ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ. ಕಾಲಿನ ಬಲ ಕಳೆದುಕೊಂಡವರಿಗಾಗಿ ಇರುವ ಈ ಬಗೆಯಲ್ಲಿ ಬೆಂಚ್ ಪ್ರೆಸ್ ಒಂದೇ, ಕಾಲುಗಳನ್ನು ಚಾಚಿ ಬೆಂಚಿಗೇ ಪಟ್ಟಿಯಿಂದ ಕಟ್ಟುತ್ತಾರೆ. 1964ರ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆನ್ನುಹುರಿ ಪೆಟ್ಟಾದವರಿಗೆಂದು ಶುರುವಾದ ಭಾರ ಎತ್ತುವ ಸ್ಪರ್ಧೆಯ ಮುಂದುವರಿಕೆ ಇದು. ಪಂಜಾಬಿನ ರಾಜಿಂದರ್ ಸಿಂಗ್ ರಹೇಲು 2004ರ ಅಥೆನ್ಸ್‌ನಲ್ಲಿ ಕಂಚು ಗೆದ್ದರು. ಬೆಂಗಳೂರಿನ ಫರ್ಮಾನ್ ಬಾಷಾ 2012ರ ಲಂಡನ್, 2016ರ ರಿಯೊ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು, ಜೊತೆಗೆ ಗುರುವೂ ಆದರು. ಪಶ್ಚಿಮ ಬಂಗಾಳದ ಸಕೀನಾ ಖಾತೂನ್ ಬೆಂಗಳೂರಿಗೆ ಬಂದು ಅವರಲ್ಲಿ ಕಲಿತು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಐದನೆಯವರಾದರು. ಮೂರು ಲಿಫ್ಟ್‌ಗಳ ಪವರ್‌ಲಿಫ್ಟಿಂಗ್‌ಗೆ ಒಲಿಂಪಿಕ್ಸ್ ಪ್ರವೇಶ ಈವರೆಗೂ ಇಲ್ಲ.

ಕರ್ನಾಟಕದ ಬಹಳಷ್ಟು ಯುವಕ ಯುವತಿಯರಿಗೆ ಮೊದಲ ಕಣ ಅಂತರ ಕಾಲೇಜು ಪಂದ್ಯ. ಅದರಲ್ಲಿ ಗೆದ್ದವರು ವಿಶ್ವವಿದ್ಯಾಲಯದ ತಂಡ ಸೇರಿ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತಾರೆ. ಕಾಲೇಜಿನ ಸಭಾಂಗಣದಲ್ಲಿ ಹಲಗೆ ಹಾಸಿ ಮೇಲೆ ರಬ್ಬರ್ ಚಾಪೆ ಹೊದಿಸಿರುತ್ತಾರೆ. ಕೈಗೆ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ, ಡೆಡ್‌ಲಿಫ್ಟ್ ಹೊತ್ತಿಗೆ ತೊಡೆಗೆ ಟಾಲ್ಕಂ ಪೌಡರ್. ಬಾರ್ ಏರುತ್ತ ಹೋಗಬೇಕೇ ಹೊರತು ಒಂದು ಸುತ್ತಿನೊಳಗೆ ಇಳಿಯುವಂತಿಲ್ಲ ಎಂಬ ನಿಯಮದಿಂದಾಗಿ ಪ್ರತಿ ಸುತ್ತನ್ನೂ ಶುರು ಮಾಡುವವರು ಅತಿ ಕಡಿಮೆ ತೂಕ ಬರೆಸಿದವರು, ಅಂದರೆ ಸಾಮಾನ್ಯವಾಗಿ ಆ ದಿನ ಹೊಸದಾಗಿ ಬಂದವರು. ರಾಜ್ಯ ದಾಖಲೆ ಇರುವವರು ಅವರ ಸರದಿ ಮುಗಿಯುವವರೆಗೆ ಕಾಯುತ್ತಾರೆ, ಎಷ್ಟೋ ಸಲ ಪಕ್ಕದಲ್ಲೇ ನಿಂತು ಕೂಗಿ ಹುರಿದುಂಬಿಸುತ್ತಾರೆ. ಬಾರ್ 20 ಕಿಲೋ, ಎರಡು ಕಾಲರ್ ಸೇರಿ 5 ಕಿಲೋ. ಸ್ಕ್ವಾಟ್‌ನಲ್ಲಿ 25 ಕಿಲೋದಿಂದ ಮೇಲೆ ಎರಡೂವರೆಯ ಲೆಕ್ಕದಲ್ಲಿ ಯಾವ ತೂಕ ಬರೆಸಿದರೂ ತಟ್ಟೆ ಹಾಕುವ ಹುಡುಗರು ಅದನ್ನು ಜೋಡಿಸಿಕೊಡುತ್ತಾರೆ, ಮೂವರು ರೆಫರಿಗಳೂ ದೀಪದ ಗುಂಡಿಯ ಮೇಲೆ ಬೆರಳಿಟ್ಟು ಕೂತಿರುತ್ತಾರೆ.